ಬಜ್ಪೆಯಿಂದ ದುಬೈಗೆ: ರೋಮಿಂಗ್ ಪ್ಯಾಕ್, ಟೂರಿಸ್ಟ್ ಸಿಮ್, ಇ-ಸಿಮ್ ಬಳಸಿ ನೋಡಿದ ಮೇಲೆ

ಕರಾವಳಿಯ ಹೆಚ್ಚಿನ ಮನೆಗಳಲ್ಲಿ ವಿದೇಶ ಪ್ರಯಾಣವೆಂದರೆ ಇಂದಿಗೂ ಗಲ್ಫ್ ಪ್ರಯಾಣವೇ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ನೇರವಾಗಿ ಹಾರುವ ಅಂತಾರಾಷ್ಟ್ರೀಯ ವಿಮಾನಗಳ ಪೈಕಿ ಬಹುಪಾಲು ದುಬೈ, ಅಬುಧಾಬಿ, ದಮ್ಮಾಮ್‌ನಂತಹ ಊರುಗಳಿಗೇ ಹೋಗುತ್ತವೆ. ಅವುಗಳಲ್ಲಿ ಕೆಲಸಕ್ಕೆ ಹೊರಟವರ ಜೊತೆಗೆ ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರೂ, ರಜೆಯಲ್ಲಿ ನೆಂಟರ ಮನೆಗೆ ಹೊರಟ ಸಂಸಾರಗಳೂ ಇರುತ್ತವೆ. ಶಾರ್ಜಾದಲ್ಲಿರುವ ಅಕ್ಕನ ಬಾಣಂತನಕ್ಕೆ ಅಮ್ಮನನ್ನು ಬಿಟ್ಟುಬರಲು ನಾನೂ ನನ್ನ ಹೆಂಡತಿಯೂ ಹೋದಾಗ, ಮೂವರ ಫೋನುಗಳಲ್ಲಿ ಮೂರು ಬೇರೆ ಬೇರೆ ಸೇವೆಗಳಿದ್ದವು: ಅಮ್ಮನದರಲ್ಲಿ ವಿದೇಶದಲ್ಲಿಯೂ ನಡೆಯುವಂತೆ ಊರಿನ ಸಿಮ್ಮಿಗೇ ಹಾಕಿಸಿದ ರೋಮಿಂಗ್ ಪ್ಯಾಕ್, ಹೆಂಡತಿಯದರಲ್ಲಿ ಅಲ್ಲಿ ಕೊಂಡ ಟೂರಿಸ್ಟ್ ಸಿಮ್, ನನ್ನದರಲ್ಲಿ ಪ್ರವಾಸಿಗರಿಗಾಗಿ ಮಾರುವ ಇ-ಸಿಮ್, ಅಂದರೆ ಚಿಪ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಮೂರನ್ನೂ ಹೋಲಿಸಿ ನೋಡುವ ಅವಕಾಶ ಹೀಗೆ ಸಿಕ್ಕಿತು. ದರಗಳು ಮೇಲಿಂದ ಮೇಲೆ ಬದಲಾಗುವುದರಿಂದ ಕಂಪನಿಗಳ ಹೆಸರಿಗಿಂತ ಸೇವೆಗಳ ಸ್ವರೂಪವನ್ನು ಕುರಿತೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಟರ್ನೆಟ್ಟಿಗೆ ಯಾವ ಸಿಮ್ ಎಂದು ಎಲ್ಲರೂ ಕೇಳುತ್ತಾರೆ. ಆದರೆ ಅದಕ್ಕಿಂತ ಮುಂಚೆ ಇತ್ಯರ್ಥವಾಗಬೇಕಾದದ್ದು ಊರಿನ ನಂಬರನ್ನು ಅಲ್ಲಿಯೂ ಚಾಲ್ತಿಯಲ್ಲಿಡುವುದು ಹೇಗೆ ಎಂಬುದು. ಬ್ಯಾಂಕಿನ ಒಟಿಪಿ, ಪಿಂಚಣಿ ಜಮೆಯಾದ ಸಂದೇಶ, ಮನೆಯ ಕರೆಂಟು ಬಿಲ್ಲು ಕಟ್ಟುವಾಗ ಬರುವ ಸಂಖ್ಯೆ ಎಲ್ಲವೂ ಆ ನಂಬರಿಗೇ ಬರಬೇಕು. ರೋಮಿಂಗಿನಲ್ಲಿ ಒಳಬರುವ ಎಸ್‌ಎಂಎಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ಹಣ ಪಡೆಯುವುದಿಲ್ಲ. ಆದ್ದರಿಂದ ದೊಡ್ಡ ಪ್ಯಾಕ್ ಇಲ್ಲದಿದ್ದರೂ, ಮಾಮೂಲಿ ರೀಚಾರ್ಜಿನ ಅವಧಿ ಮುಗಿಯದೆ, ಅಂತಾರಾಷ್ಟ್ರೀಯ ರೋಮಿಂಗ್ ಸೌಲಭ್ಯ ಚಾಲನೆಯಲ್ಲಿದ್ದು, ಸಿಮ್ ಫೋನಿನೊಳಗೆ ಇದ್ದರೆ ಒಟಿಪಿ ಬರುತ್ತದೆ. ನನ್ನ ಫೋನಿಗೆ ಬಂದವುಗಳಲ್ಲಿ ಕೆಲವು ತಡವಾದವು, ಆದರೆ ಬಾರದೆ ಹೋದದ್ದಿಲ್ಲ. ಊರಿನ ಸಿಮ್ಮನ್ನು ತೆಗೆದು ಪರ್ಸಿನೊಳಗೆ ಸುತ್ತಿಡುವ ಹಳೆಯ ಪದ್ಧತಿಯನ್ನು ಇನ್ನು ಬಿಡುವುದೇ ಒಳ್ಳೆಯದು.

ಈಗ ರೋಮಿಂಗ್ ಪ್ಯಾಕಿನ ವಿಚಾರ. ಸ್ವತಃ ಸೆಟ್ಟಿಂಗ್ಸ್‌ಗೆ ಕೈಹಾಕದವರಿಗೆ ಇದಕ್ಕಿಂತ ಒಳ್ಳೆಯ ಸೇವೆ ಇನ್ನೊಂದಿಲ್ಲ. ಮನೆಯಿಂದ ಹೊರಡುವ ಮುಂಚೆಯೇ ಕಂಪನಿಯ ಆ್ಯಪಿನಲ್ಲಿ ಹಣ ಕಟ್ಟಿದ್ದೆ. ವಿಮಾನ ಇಳಿದು ಫ್ಲೈಟ್ ಮೋಡ್ ತೆಗೆಯುತ್ತಲೇ ಅಮ್ಮನ ಫೋನು ಅಲ್ಲಿನ ನೆಟ್‌ವರ್ಕ್ ಹಿಡಿಯಿತು, ಪ್ಯಾಕ್ ಆರಂಭವಾಯಿತೆಂಬ ಸಂದೇಶ ಬಂತು, ಲಗೇಜು ಬರುವಷ್ಟರಲ್ಲಿ ಅಮ್ಮ ಉಡುಪಿಯ ಚಿಕ್ಕಮ್ಮನಿಗೆ ಮುಟ್ಟಿದ ಸುದ್ದಿ ಹೇಳಿಯಾಗಿತ್ತು. ನಂಬರ್ ಅದೇ, ವಾಟ್ಸಾಪ್ ಅದೇ, ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ಬೆಲೆಯ ಮಟ್ಟಿಗೆ ಮಾತ್ರ ಇದು ಅಗ್ಗದ್ದಲ್ಲ. ಅದೇ ಹಣಕ್ಕೆ ಊರಿನಲ್ಲಿ ತಿಂಗಳುಗಟ್ಟಲೆ ಸಿಗುವ ಡೇಟಾವನ್ನು ಇಲ್ಲಿ ಅಳೆದು ಬಳಸಬೇಕು. ಪ್ಯಾಕ್ ಕೊಳ್ಳುವಾಗ ಕಂಪನಿಯನ್ನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ದಿನ ಎಂದರೆ ಆರಂಭವಾದ ಹೊತ್ತಿನಿಂದ 24 ಗಂಟೆಯೋ, ಕ್ಯಾಲೆಂಡರಿನ ದಿನವೋ, ಕ್ಯಾಲೆಂಡರಿನದಾದರೆ ಯಾವ ದೇಶದ ಮಧ್ಯರಾತ್ರಿಗೆ ಮುಗಿಯುತ್ತದೆ? ದುಬೈ, ಶಾರ್ಜಾಗಳಿರುವ ಯುಎಇಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದಿರುವುದರಿಂದ, ಒಂದು ದಿನದ ಸಣ್ಣ ಪ್ಯಾಕ್ ಹಾಕಿಸಿಕೊಂಡವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪ್ಯಾಕಿನ ನಿಮಿಷಗಳು ಎಲ್ಲಿ ಸೋರುತ್ತವೆ ಎಂಬುದನ್ನು ಯಾವ ಜಾಹೀರಾತೂ ವಿವರಿಸುವುದಿಲ್ಲ. ಅಮ್ಮ ಅಕ್ಕನ ಮನೆಯ ಕೆಳಗಿನ ಪಾರ್ಕಿನಲ್ಲಿ ಕುಳಿತಿದ್ದಾಗ ಭಾವ ತಮ್ಮ ಶಾರ್ಜಾದ ಫೋನಿನಿಂದ ಆಕೆಯ ಊರಿನ ನಂಬರಿಗೆ ಕರೆ ಮಾಡಿದರೆ, ಆ ಕರೆ ಮೊದಲು ಭಾರತಕ್ಕೆ ಬಂದು ಅಲ್ಲಿಂದ ಮತ್ತೆ ಶಾರ್ಜಾಕ್ಕೆ ಹೋಗುತ್ತದೆ. ಭಾವನಿಗೆ ಅದು ಭಾರತಕ್ಕೆ ಮಾಡಿದ ಐಎಸ್‌ಡಿ ಕರೆ. ಅಮ್ಮನಿಗೆ ರೋಮಿಂಗಿನ ಒಳಬರುವ ಕರೆ. ಇಬ್ಬರ ನಡುವೆ ಇದ್ದದ್ದು ಒಂದು ಲಿಫ್ಟು, ಹಣ ಕಡಿದದ್ದು ಎರಡೂ ಕಡೆ. ಅಮ್ಮನೇ ಭಾವನಿಗೆ ಕರೆ ಮಾಡಿದರೆ ಪ್ಯಾಕಿನ ನಿಮಿಷಗಳಷ್ಟೇ ಹೋಗುತ್ತವೆ, ಏಕೆಂದರೆ ಇಂತಹ ಪ್ಯಾಕುಗಳಲ್ಲಿ ಸಾಮಾನ್ಯವಾಗಿ ಆ ದೇಶದೊಳಗಿನ ಕರೆ ಮತ್ತು ಭಾರತಕ್ಕೆ ಮಾಡುವ ಕರೆ ಎರಡೂ ಸೇರಿರುತ್ತವೆ. ಅದೇ ಅಮ್ಮ ಮಸ್ಕತ್‌ನಲ್ಲಿರುವ ಸೋದರಳಿಯನಿಗೆ ಡಯಲ್ ಮಾಡಿದರೆ ಅದು ಮೂರನೆಯ ದೇಶದ ಲೆಕ್ಕಕ್ಕೆ ಹೋಗುತ್ತದೆ. ಕಾಲ್ ಫಾರ್ವರ್ಡಿಂಗಿನದೂ ಇದೇ ಕಥೆ. ಕರೆ ಎತ್ತದಿದ್ದಾಗ ಬೇರೆ ನಂಬರಿಗೆ ಹೋಗುವಂತೆ ಊರಿನಲ್ಲಿ ಇಟ್ಟಿದ್ದರೆ, ವಿದೇಶಕ್ಕೆ ಬಂದ ಆ ಕರೆ ಮತ್ತೆ ಭಾರತಕ್ಕೆ ತಿರುಗುವಾಗ ಬರುವುದಕ್ಕೊಂದು, ಹೋಗುವುದಕ್ಕೊಂದು ಎಂದು ಎರಡು ಶುಲ್ಕ ಬೀಳಬಹುದು. ಹೊರಡುವ ಮುಂಚೆ ##002# ಡಯಲ್ ಮಾಡಿದರೆ ಫಾರ್ವರ್ಡಿಂಗ್ ಎಲ್ಲವೂ ರದ್ದಾಗುತ್ತದೆ.

ಯುಎಇಗೆ ಹೋಗುವವರಿಗೆ ನಿಜವಾಗಿ ತಲೆನೋವು ತರುವುದು ವಾಟ್ಸಾಪ್ ಕರೆ. ಅಲ್ಲಿ ಇಂಟರ್ನೆಟ್ ಮೂಲಕ ಕರೆ ಮಾಡುವ ಸೇವೆಗಳಿಗೆ ದೂರಸಂಪರ್ಕ ಪ್ರಾಧಿಕಾರದ ಅನುಮತಿ ಬೇಕು. ಅನುಮತಿ ಇಲ್ಲದ ವಾಟ್ಸಾಪ್ ಕರೆಗಳನ್ನು ಅಲ್ಲಿನ ನೆಟ್‌ವರ್ಕುಗಳು ತಡೆಯುತ್ತವೆ. ಸಂದೇಶ, ಫೋಟೊ, ಧ್ವನಿ ಸಂದೇಶಗಳಿಗೆ ಅಡ್ಡಿಯಿಲ್ಲ. ಕರೆ ಮಾತ್ರ ರಿಂಗ್ ಆಗುತ್ತದೆ, ಎತ್ತಿದರೆ ‘ಕನೆಕ್ಟಿಂಗ್’ ಎಂಬಲ್ಲಿಗೇ ನಿಂತುಬಿಡುತ್ತದೆ. ಅಕ್ಕನ ಮನೆಯ ವೈ-ಫೈ ಹಿಡಿದುಕೊಂಡು ಅಮ್ಮ ಹೀಗೇ ಪ್ರಯತ್ನಿಸಿ, “ರಿಂಗ್ ಹೋಗ್ತದೆ, ಮಾತು ಹೋಗುದಿಲ್ಲ ಮಾರಾಯ, ಇದು ಎಂತ ಅವಸ್ಥೆ?” ಎಂದು ಫೋನನ್ನು ನನ್ನ ಕೈಗೆ ಕೊಟ್ಟರು. ವೈ-ಫೈ ಆಫ್ ಮಾಡಿ ಊರಿನ ಸಿಮ್ಮಿನ ಡೇಟಾ ಆನ್ ಮಾಡಿದೆ. ಅದೇ ಫೋನು, ಅದೇ ಕೋಣೆ, ಚಿಕ್ಕಮ್ಮನ ಮುಖ ಪರದೆಯ ಮೇಲೆ ಬಂತು. ಇದರಲ್ಲಿ ಪವಾಡವೇನೂ ಇಲ್ಲ. ರೋಮಿಂಗಿನಲ್ಲಿರುವ ಸಿಮ್ಮಿನ ಡೇಟಾ ಸಾಮಾನ್ಯವಾಗಿ ಅಲ್ಲಿನ ಟವರಿನಿಂದ ಮೂಲ ಕಂಪನಿಯ ಜಾಲಕ್ಕೆ, ಅಂದರೆ ಭಾರತಕ್ಕೆ ಬಂದು, ಅಲ್ಲಿಂದಲೇ ಇಂಟರ್ನೆಟ್ಟಿಗೆ ಸೇರುತ್ತದೆ. ಹಾಗಾಗಿ ಅಲ್ಲಿನ ತಡೆ ಅದಕ್ಕೆ ತಾಗುವುದಿಲ್ಲ. ಚೀನಾಕ್ಕೆ ಹೋದವರ ರೋಮಿಂಗ್ ಸಿಮ್ಮಿನಲ್ಲಿ ಗೂಗಲ್, ವಾಟ್ಸಾಪ್ ತೆರೆದುಕೊಳ್ಳುವುದಕ್ಕೂ ಇದೇ ಕಾರಣ.

ಆದರೆ ಪ್ಯಾಕಿನ ಡೇಟಾವನ್ನು ವೀಡಿಯೊ ಕರೆಗೆ ಸುರಿದರೆ ಅದು ಬಹಳ ಕಾಲ ಬಾಳುವುದಿಲ್ಲ. ಅಲ್ಲಿ ನೆಲೆಸಿದ ನಮ್ಮವರು ಅನುಮತಿ ಇರುವ ಬೋಟಿಮ್‌ನಂತಹ ಆ್ಯಪ್ ಬಳಸುತ್ತಾರೆ. ಊರಿನಲ್ಲಿರುವವರ ಫೋನಿನಲ್ಲಿಯೂ ಅದೇ ಆ್ಯಪ್ ಇರಬೇಕು. ಹೊರಡುವ ಮುಂಚೆಯೇ ಮನೆಯ ಹಿರಿಯರ ಫೋನಿಗೆ ಅದನ್ನು ಹಾಕಿ, ಒಮ್ಮೆ ಎದುರೆದುರೇ ಕರೆ ಮಾಡಿ ತೋರಿಸಿಕೊಟ್ಟರೆ ಮತ್ತೆ ಕಷ್ಟವಿಲ್ಲ. ಫೋನಿನ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ಗುರುತನ್ನು, ಬದಲಿಸಿ ತೋರಿಸುವ ವಿಪಿಎನ್ ಹಾಕಿ ದಾಟಿಬಿಡಿ ಎಂದು ಸಲಹೆ ಕೊಡುವವರು ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಅಪರಾಧ ಎಸಗಲು ಅಥವಾ ಅದನ್ನು ಮರೆಮಾಚಲು ಹೀಗೆ ಐಪಿ ವಿಳಾಸ ಬದಲಿಸುವವರಿಗೆ ಅಲ್ಲಿನ 2021ರ ಸೈಬರ್ ಅಪರಾಧ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಬಾಣಂತನಕ್ಕೆ ಹೋದವರು ಆ ಗೊಡವೆಗೆ ಹೋಗಬೇಕಾಗಿಲ್ಲ.

ಟೂರಿಸ್ಟ್ ಸಿಮ್ಮಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪಾಸ್‌ಪೋರ್ಟ್ ತೋರಿಸಿ ಕೌಂಟರಿನಲ್ಲಿ ಕೊಳ್ಳುವುದು. ಡೇಟಾ ಧಾರಾಳ, ವೇಗ ಚೆನ್ನಾಗಿದೆ, ಸ್ಥಳೀಯ ನಂಬರ್ ಇರುವುದರಿಂದ ಟ್ಯಾಕ್ಸಿಯವನಿಗೂ ಊಟ ತರುವವನಿಗೂ ಕರೆ ಮಾಡಲು ಅನುಕೂಲ, ಭಾವನಿಗೂ ಐಎಸ್‌ಡಿ ಖರ್ಚಿಲ್ಲ. ಅದು ಅಲ್ಲಿನದೇ ಜಾಲವಾದ್ದರಿಂದ ವಾಟ್ಸಾಪ್ ಕರೆ ಅದರಲ್ಲಿ ಹೋಗಲಿಲ್ಲ. ವಿಮಾನ ನಿಲ್ದಾಣದೊಳಗೆ ಆತುರದಲ್ಲಿ ಕೊಳ್ಳಬೇಕಾಗಿಯೂ ಇಲ್ಲ. ದುಬೈ ನಿಲ್ದಾಣದಲ್ಲಿ ಉಚಿತ ವೈ-ಫೈ ಇದೆ, ಕರೆದೊಯ್ಯಲು ಬಂದವರಿಗೆ ಸಂದೇಶ ಕಳುಹಿಸಲು ಅದು ಸಾಕು. ಸೌದಿಗೆ ಉಮ್ರಾ ಯಾತ್ರೆಗೆ ಹೋಗುವವರು ಮಾತ್ರ ಅಲ್ಲಿ ಸಿಮ್ ಕೊಳ್ಳುವಾಗ ಬೆರಳಚ್ಚು ಕೊಡಬೇಕಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು. ಬೇರೆಯವರ ಹೆಸರಿನ ಸಿಮ್ ಹಾಕಿಕೊಂಡು ತಿರುಗುವ ಅಭ್ಯಾಸ ಅಲ್ಲಿ ಸಲ್ಲ.

ಇ-ಸಿಮ್ ನನಗೆ ಬಹಳ ಹಿಡಿಸಿತು. ಆದರೆ ಎಲ್ಲರಿಗೂ ಇದನ್ನೇ ಹೇಳಲಾರೆ. ಮೊದಲನೆಯದಾಗಿ ಫೋನಿನಲ್ಲಿ ಆ ಸೌಲಭ್ಯ ಇರಬೇಕು. *#06# ಡಯಲ್ ಮಾಡಿದಾಗ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಜೊತೆಗೆ ಇಐಡಿ ಎಂಬ ಉದ್ದದ ಸಂಖ್ಯೆಯೂ ಕಂಡರೆ ಇದೆ ಎಂದು ತಿಳಿಯಬಹುದು. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಇದು ಇರುವುದಿಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಿಮ್ಮಿನ ವಿವರ ಇಂಟರ್ನೆಟ್ ಮೂಲಕವೇ ಫೋನಿಗೆ ಇಳಿಯುವುದರಿಂದ, ಮನೆಯ ವೈ-ಫೈಯಲ್ಲಿ ಕುಳಿತೇ ಆ ಕೆಲಸ ಮುಗಿಸಬೇಕು. ಒಂದು ಕೋಡ್ ಸಾಮಾನ್ಯವಾಗಿ ಒಮ್ಮೆಗೆ ಮಾತ್ರ. ಸರಿಯಾಗಲಿಲ್ಲವೆಂದು ಅಳಿಸಿ ಮತ್ತೆ ಹಾಕಹೊರಟರೆ ಮಾರಿದವರನ್ನು ಹಿಡಿದು ಹೊಸ ಕೋಡ್ ಕೇಳಬೇಕಾಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಒಂದು ವಿಪರ್ಯಾಸವಿದೆ. ಹೊರಗಡೆ ಹೋದಾಗ ಡೇಟಾ ರೋಮಿಂಗ್ ಆಫ್ ಮಾಡಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ. ಆದರೆ ಪ್ರವಾಸಿ ಇ-ಸಿಮ್ ಎಂಬುದು ಹೆಚ್ಚಾಗಿ ಮತ್ತೊಂದು ದೇಶದ ಕಂಪನಿಯದು, ದುಬೈಯಲ್ಲಿ ಅದೂ ರೋಮಿಂಗಿನಲ್ಲಿಯೇ ಇರುತ್ತದೆ. ಹಾಗಾಗಿ ಇ-ಸಿಮ್ಮಿನ ಸಾಲಿನಲ್ಲಿ ಡೇಟಾ ರೋಮಿಂಗ್ ಆನ್, ಊರಿನ ಸಿಮ್ಮಿನ ಸಾಲಿನಲ್ಲಿ ಆಫ್. ಒಂದು ಸಿಮ್ಮಿನಲ್ಲಿ ಸಿಗ್ನಲ್ ಇಲ್ಲದಾಗ ಇನ್ನೊಂದರ ಡೇಟಾ ಬಳಸುವ ಸೌಲಭ್ಯವೂ ಆಫ್. ಈ ಮೂರನ್ನು ಹೊಂದಿಸಿದ ಮೇಲೆ ನನಗೆ ಹಿಂದಿರುಗುವವರೆಗೂ ಸೆಟ್ಟಿಂಗ್ಸ್ ತೆರೆಯುವ ಕೆಲಸ ಬೀಳಲಿಲ್ಲ. ನನ್ನ ಇ-ಸಿಮ್ಮಿನ ಡೇಟಾ ಬೇರೊಂದು ದೇಶದಿಂದ ಇಂಟರ್ನೆಟ್ಟಿಗೆ ಸೇರುತ್ತಿತ್ತು. ಅದರಿಂದಾಗಿ ಕೆಲವು ಜಾಲತಾಣಗಳು ಅಪರಿಚಿತ ಭಾಷೆಯಲ್ಲಿ ತೆರೆದುಕೊಂಡವು, ವಾಟ್ಸಾಪ್ ಕರೆಯೂ ಹೋಯಿತು. ಬೆಲೆ ಅಮ್ಮನ ಪ್ಯಾಕಿಗಿಂತ ಕಡಿಮೆ, ಡೇಟಾ ಹೆಚ್ಚು. ಕೊರತೆ ಎಂದರೆ ಇವುಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ. ಕರೆ ಮಾಡಲು ನಂಬರ್ ಇರುವುದಿಲ್ಲ. ತೊಂದರೆಯಾದರೆ ಚಾಟ್‌ನಲ್ಲಿ ಬರೆದು ಕಾಯಬೇಕು, ಮಂಗಳೂರಿನ ಹಂಪನಕಟ್ಟೆಯ ಅಂಗಡಿಗೆ ಹೋಗಿ ಫೋನನ್ನೇ ಕೈಗೆ ಕೊಡುವಂತಿಲ್ಲ.

ಕೊಳ್ಳುವಾಗ ಕಾನೂನಿನ ಕಡೆಗೂ ಗಮನ ಬೇಕು. ವಿದೇಶಿ ಕಂಪನಿಗಳ ಸಿಮ್ಮನ್ನು ಭಾರತದಲ್ಲಿ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದಿಲ್ಲದೆ ಮಾರುತ್ತಿದ್ದವೆಂಬ ಕಾರಣಕ್ಕೆ ಏರ್‌ಅಲೋ, ಹೋಲಾಫ್ಲೈ ಎಂಬ ಜಗತ್ಪ್ರಸಿದ್ಧ ಇ-ಸಿಮ್ ಆ್ಯಪ್‌ಗಳನ್ನು 2024ರ ಜನವರಿಯಲ್ಲಿ ಸರಕಾರದ ಸೂಚನೆಯಂತೆ ಆ್ಯಪಲ್ ಮತ್ತು ಗೂಗಲ್ ತಮ್ಮ ಭಾರತದ ಆ್ಯಪ್ ಸ್ಟೋರ್‌ಗಳಿಂದ ತೆಗೆದುಹಾಕಿದವು. ಅನುಮತಿ ಪಡೆದ ಮಾರಾಟಗಾರರು ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ ಕೇಳುತ್ತಾರೆ. ನಾನು ಕೊಂಡಲ್ಲಿಯೂ ಕೇಳಿದರು. ಕೇಳಿದ್ದರಿಂದಲೇ ನನಗೆ ಧೈರ್ಯ ಬಂತು.

ಫೋನಿನಲ್ಲಿ ಒಂದೇ ಸಿಮ್ ಜಾಗ ಇರುವವರು ಊರಿನ ಸಿಮ್ಮನ್ನೇ ಇ-ಸಿಮ್ ಮಾಡಿಸಿಕೊಂಡು, ಖಾಲಿಯಾದ ಜಾಗಕ್ಕೆ ಅಲ್ಲಿನ ಸಿಮ್ ಹಾಕಬಹುದು. ನಮ್ಮ ಖಾಸಗಿ ಕಂಪನಿಗಳೆಲ್ಲ ಈ ಸೌಲಭ್ಯ ಕೊಡುತ್ತವೆ. ಆದರೆ ವಿಮಾನ ಹತ್ತುವ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬಾರದು. ವಂಚನೆ ತಡೆಯಲೆಂದು ಸಿಮ್ ಬದಲಿಸಿದ ನಂಬರಿಗೆ 24 ಗಂಟೆ ಎಸ್‌ಎಂಎಸ್ ನಿಲ್ಲಿಸಬೇಕೆಂಬ ನಿಯಮ 2022ರಿಂದ ಇದೆ. ಒಟಿಪಿಯೂ ಅದರಲ್ಲಿ ಸೇರಿತು. ವಾರ ಮುಂಚೆಯೇ ಮಾಡಿಸಿ, ಬ್ಯಾಂಕಿನ ಆ್ಯಪ್ ಮತ್ತು ಯುಪಿಐ ಸರಿಯಾಗಿ ನಡೆಯುತ್ತವೆಯೇ ಎಂದು ಊರಿನಲ್ಲಿರುವಾಗಲೇ ನೋಡಿಕೊಳ್ಳಬೇಕು. ಯುಪಿಐ ನೋಂದಣಿಗೆ ಆ ಸಿಮ್ಮಿನಿಂದಲೇ ಒಂದು ಎಸ್‌ಎಂಎಸ್ ಹೋಗಬೇಕಾಗುತ್ತದೆ, ಅದನ್ನು ವಿದೇಶದಿಂದ ಕಳುಹಿಸಲು ಹೆಣಗುವುದು ಬೇಡ. ಅಲ್ಲಿಯೇ ಕೆಲಸದಲ್ಲಿರುವ ಅನಿವಾಸಿಗಳ ಸ್ಥಿತಿ ಬೇರೆ. ಅವರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ವಿದೇಶಿ ನಂಬರಿನಿಂದಲೇ ಯುಪಿಐ ಬಳಸಲು, ಅದನ್ನು ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2023ರಲ್ಲಿ 10 ದೇಶಗಳಿಗೆ ದಾರಿ ತೆರೆಯಿತು, ಯುಎಇ, ಸೌದಿ, ಕತಾರ್, ಒಮಾನ್ ಆ ಪಟ್ಟಿಯಲ್ಲಿವೆ.

ನಾವು ಹಿಂದಿರುಗಿದ ಮೇಲೂ ಅಮ್ಮ ಅಲ್ಲಿಯೇ ಉಳಿದರು. ಅಷ್ಟು ದೀರ್ಘ ಕಾಲಕ್ಕೆ ರೋಮಿಂಗ್ ಪ್ಯಾಕ್ ಹಾಕಿಸುತ್ತಾ ಹೋಗುವುದು ದುಂದು. ಹೆಂಡತಿಯ ಟೂರಿಸ್ಟ್ ಸಿಮ್ ಪ್ರವಾಸದೊಂದಿಗೇ ಮುಗಿಯಿತು. ಅಮ್ಮನಿಗೆ ಅವರ ಪಾಸ್‌ಪೋರ್ಟಿನ ಮೇಲೆಯೇ ಒಂದು ಅಲ್ಲಿನ ಸಿಮ್ ತೆಗೆದು ಫೋನಿನ ಎರಡನೆಯ ಜಾಗಕ್ಕೆ ಹಾಕಿದೆವು, ಊರಿನ ಸಿಮ್ಮಿನ ಡೇಟಾ ಆಫ್ ಮಾಡಿದೆವು, ಚಿಕ್ಕಮ್ಮನೊಡನೆ ಮಾತು ಬೋಟಿಮ್‌ನಲ್ಲಿ. ಹೀಗೆ ತಿಂಗಳುಗಟ್ಟಲೆ ಉಳಿಯುವವರು ಒಂದು ನಿಯಮ ತಿಳಿದಿರಬೇಕು: ಕರೆ, ಎಸ್‌ಎಂಎಸ್, ಡೇಟಾ ಯಾವುದೂ ಇಲ್ಲದೆ 90 ದಿನ ಕಳೆದ ಪ್ರಿಪೇಯ್ಡ್ ನಂಬರನ್ನು ಕಂಪನಿ ರದ್ದು ಮಾಡಬಹುದು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದು 30 ದಿನ ಮುಂದುವರಿಸಬೇಕು. ರದ್ದಾದ ನಂಬರ್ ಕೆಲ ಕಾಲದ ಬಳಿಕ ಬೇರೆಯವರ ಪಾಲಾಗುತ್ತದೆ, ಬ್ಯಾಂಕಿನ ಸಂದೇಶಗಳೂ ಅವರ ಫೋನಿಗೇ ಹೋಗತೊಡಗುತ್ತವೆ. ಅದಕ್ಕಾಗಿ ಅಮ್ಮನ ಊರಿನ ನಂಬರಿಗೆ ನಾನು ಮಂಗಳೂರಿನಿಂದಲೇ ರೀಚಾರ್ಜ್ ಮಾಡುತ್ತಿದ್ದೇನೆ. ರೀಚಾರ್ಜ್ ಆದ ಸಂದೇಶ ಬಂದ ಕೂಡಲೇ ಅದರ ಫೋಟೊ ತೆಗೆದು ಕಳುಹಿಸುವ ಕೆಲಸ ಅಮ್ಮನದು.