ಫೋನಿನಲ್ಲಿ ಬಂದ ‘ಸೆಲೆಕ್ಟ್ ಆಗಿದ್ದೀರಿ’ ಎಂಬ ಮಾತನ್ನು ನಂಬಿ ರಾಜೀನಾಮೆ ಕೊಡಬೇಡಿ

ಕೊಡಗಿನ ಮನೆಯಲ್ಲಿ ಕುಳಿತು ದೊಡ್ಡ ತಂತ್ರಜ್ಞಾನ ಕಂಪನಿಗಳ ಫ್ರಂಟ್‌ಎಂಡ್ ಹುದ್ದೆಗೆ, ಅಂದರೆ ವೆಬ್ ಪುಟದಲ್ಲಿ ಬಳಕೆದಾರರಿಗೆ ಕಾಣುವ ಭಾಗವನ್ನು ಕಟ್ಟುವ ಕೆಲಸಕ್ಕೆ, ಅರ್ಜಿ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಅಂಥದೊಂದು ಕಂಪನಿಯ ಸಂದರ್ಶನದ ನಾಲ್ಕು ಸುತ್ತುಗಳನ್ನು ದಾಟಿ, ಆಯ್ಕೆಯಾಗಿದ್ದೀರಿ ಎಂಬ ಮಾತನ್ನು ಫೋನಿನಲ್ಲಿ ಕೇಳಿ, ಇದ್ದ ಕೆಲಸವನ್ನು ಬಿಟ್ಟು, ಕೊನೆಗೆ ಎರಡನ್ನೂ ಕಳೆದುಕೊಂಡೆ.

ಮೊದಲ ಕರೆಯಲ್ಲಿ ನೇಮಕಾತಿ ವಿಭಾಗದವರು ವೆಬ್ ಪುಟ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್, ಸಿಎಸ್‌ಎಸ್ ಮತ್ತು ರಿಯಾಕ್ಟ್ ಬಿಟ್ಟು ಬೇರೇನನ್ನೂ ಕೇಳುವುದಿಲ್ಲ ಎಂದು ಹೇಳಿದ್ದರು. ಮೊದಲ ಸುತ್ತು ಹಾಗೆಯೇ ನಡೆಯಿತು. ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡುವುದು ನಿಂತ ಮೇಲಷ್ಟೇ ಸರ್ವರ್‌ಗೆ ವಿನಂತಿ ಹೋಗುವಂತೆ ಡಿಬೌನ್ಸ್ ಬರೆಯಲು ಹೇಳಿದರು. ಜಾವಾಸ್ಕ್ರಿಪ್ಟ್ ಯಾವ ಕೆಲಸವನ್ನು ಮೊದಲು ಓಡಿಸುತ್ತದೆ ಎಂಬುದರ ಮೇಲೂ ಒಂದು ಪ್ರಶ್ನೆ ಬಂತು: ಸೊನ್ನೆ ಮಿಲಿಸೆಕೆಂಡಿನ ಸೆಟ್‌ಟೈಮ್‌ಔಟ್‌ಗಿಂತ ಮೊದಲು, ಆಗಲೇ ಪೂರೈಸಿರುವ ಪ್ರಾಮಿಸ್‌ನ ಕಾಲ್‌ಬ್ಯಾಕ್ ಏಕೆ ಓಡುತ್ತದೆ ಎಂದು ಕೇಳಿದರು. ದಿನವೂ ಮಾಡುವ ಕೆಲಸವಾದ್ದರಿಂದ ಉತ್ತರಿಸಿದೆ. ಎರಡನೆಯ ಸುತ್ತಿನಲ್ಲಿ ಬ್ರೌಸರ್‌ನ ಮಾತೇ ಬರಲಿಲ್ಲ. ಅಡೆತಡೆಗಳಿರುವ ಚೌಕಗಳ ಜಾಲದಲ್ಲಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅತಿ ಕಡಿಮೆ ಹೆಜ್ಜೆಗಳ ದಾರಿ ಕಂಡುಹಿಡಿಯಬೇಕಿತ್ತು, ಅದೂ ಬರೆದ ಕೋಡನ್ನು ಓಡಿಸಿ ನೋಡಲು ಬಾರದ ಖಾಲಿ ಪುಟದಲ್ಲಿ. ಪ್ರಶ್ನೆ ತಪ್ಪೆಂದು ನಾನು ಹೇಳುವುದಿಲ್ಲ, ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್‌ಗಳನ್ನು, ಅಂದರೆ ಮಾಹಿತಿಯನ್ನು ಜೋಡಿಸಿಡುವ ಮತ್ತು ಹಂತಹಂತವಾಗಿ ಲೆಕ್ಕ ಬಿಡಿಸುವ ಬಗೆಗಳನ್ನು, ದೊಡ್ಡ ಕಂಪನಿಗಳು ಫ್ರಂಟ್‌ಎಂಡ್‌ನವರಿಗೂ ಕೇಳುವುದುಂಟು. ಆದರೆ ಕೇಳುವುದಿಲ್ಲ ಎಂದು ಮೊದಲೇ ಹೇಳಿ ಕೇಳಿದ್ದು ತಪ್ಪು. ಸಂದರ್ಶಕರ ಸುಳಿವು ಹಿಡಿದು ಹೇಗೋ ಮುಗಿಸಿದೆ.

ಮೂರನೆಯ ಸುತ್ತು ಕಕ್ಕಡದ (ಕೊಡವರ ಜೋರು ಮಳೆಯ ತಿಂಗಳು) ಮಳೆಯಲ್ಲಿ ಬಂತು. ನಮ್ಮ ಚೇರಂಬಾಣೆಯ ಕಡೆ ಆ ದಿನಗಳಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಮರುದಿನ ಬಂದರೆ ಪುಣ್ಯ, ಬ್ಯಾಟರಿ ಮುಗಿದ ಮೇಲೆ ಮೊಬೈಲ್ ಟವರ್ ಕೂಡ ಸುಮ್ಮನಾಗುತ್ತದೆ. ಇದನ್ನು ಮೊದಲೇ ವಿವರಿಸಿದ್ದೆ, ಸಂಪರ್ಕ ಹೋದರೆ ಇನ್ನೊಂದು ದಿನ ಕೊಡುತ್ತೇವೆ ಎಂದು ಫೋನಿನಲ್ಲಿ ಒಪ್ಪಿದ್ದರು. ಇಪ್ಪತ್ತನೆಯ ನಿಮಿಷಕ್ಕೆ ಸಂಪರ್ಕ ಹೋಯಿತು. ಆ ಒಪ್ಪಂದದ ಸುದ್ದಿಯೇ ಸಂದರ್ಶಕರಿಗೆ ತಲುಪಿರಲಿಲ್ಲವಾದ್ದರಿಂದ ನಾನು ನಡುವೆ ಎದ್ದುಹೋದೆನೆಂದು ಬರೆದುಕೊಂಡಿದ್ದರು. ಅದನ್ನು ಸರಿಪಡಿಸಿ ಮತ್ತೆ ದಿನ ಪಡೆಯಲು ಮೂರು ವಾರ ಹಿಡಿಯಿತು, ಮಡಿಕೇರಿಯಲ್ಲಿ ಪರಿಚಿತರ ಮನೆಯಲ್ಲಿ ಕುಳಿತು ಆ ಸುತ್ತನ್ನೂ ನಾಲ್ಕನೆಯದನ್ನೂ ಮುಗಿಸಿದೆ. ಆಡಿದ ಮಾತು ಒಳಗೆ ದಾಖಲಾಗುವುದಿಲ್ಲ ಎಂಬುದು ಆಗಲೇ ನನಗೆ ತಿಳಿಯಬೇಕಿತ್ತು.

ಆಮೇಲೆ ಬಂದ ಕರೆಯಲ್ಲಿ ಸಂಬಳದ ಅಂಕಿಯನ್ನೂ ಹೇಳಿ, ನಿಮ್ಮ ನೋಟಿಸ್ ಅವಧಿ ಅರವತ್ತು ದಿನವಾದ್ದರಿಂದ ಈಗಲೇ ರಾಜೀನಾಮೆ ಕೊಟ್ಟರೆ ಒಳ್ಳೆಯದು, ಆಫರ್ ಲೆಟರ್ ಎರಡು ದಿನದಲ್ಲಿ ಬರುತ್ತದೆ ಎಂದರು. ಅಪ್ಪ ಒಂದೇ ಪ್ರಶ್ನೆ ಕೇಳಿದರು: “ಕಾಗದ ಬಂತಾ ಮಗ?” ಬರುತ್ತದೆ ಎಂದು ಹೇಳಿ ಅದೇ ಸಂಜೆ ರಾಜೀನಾಮೆ ಕಳಿಸಿದೆ. ಎರಡು ದಿನ ಎರಡು ವಾರವಾಯಿತು, ಆಮೇಲೆ ಆ ಹುದ್ದೆಯ ನೇಮಕಾತಿಯನ್ನೇ ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂಬ ಮೂರು ಸಾಲಿನ ಇಮೇಲ್ ಬಂತು. ಅಷ್ಟರಲ್ಲಿ ಹಳೆಯ ಕಂಪನಿಯವರು ನನ್ನ ಜಾಗಕ್ಕೆ ಬೇರೊಬ್ಬರನ್ನು ಗೊತ್ತುಮಾಡಿಯಾಗಿತ್ತು. ಆಮೇಲಿನ ಐದು ತಿಂಗಳು, ಕಾಫಿ ಕೊಯ್ಲಿಗೆ ಆಳುಗಳ ಕೂಲಿ ಹೊಂದಿಸಬೇಕಾದ ಕಾಲದಲ್ಲೇ, ಮನೆಗೆ ನನ್ನ ಸಂಬಳವಿರಲಿಲ್ಲ.

ಹುದ್ದೆಯ ಹೆಸರು, ಖಚಿತ ಸಂಬಳವೆಷ್ಟು ಮತ್ತು ಸಾಧನೆಯನ್ನು ನೋಡಿ ಕೊಡುವ ಭಾಗವೆಷ್ಟು, ಸೇರುವ ದಿನಾಂಕ, ಕೆಲಸದ ಸ್ಥಳ, ಇವೆಲ್ಲ ಇರುವ ಆಫರ್ ಲೆಟರ್ ಕಂಪನಿಯ ಅಧಿಕೃತ ವಿಳಾಸದಿಂದ ಬಂದು ನೀವು ಒಪ್ಪಿಗೆ ಕೊಡುವ ತನಕ, ಯಾರು ಎಷ್ಟು ಅವಸರ ಮಾಡಿದರೂ ರಾಜೀನಾಮೆ ಕೊಡಬೇಡಿ. ಸ್ಥಳದ ವಿಷಯವನ್ನು ವಿಶೇಷವಾಗಿ ನೋಡಿಕೊಳ್ಳಿ: ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಗೆ ಬನ್ನಿ ಎಂದರೆ, ರೈಲೇ ಇಲ್ಲದ ನಮ್ಮ ಜಿಲ್ಲೆಯಿಂದ ಅದು ಆಗದ ಮಾತು. ಪ್ರತಿ ಕರೆ ಮುಗಿದ ಕೂಡಲೇ, ಇಂದು ಹೀಗೆ ಮಾತಾಯಿತು, ತಪ್ಪಿದ್ದರೆ ತಿಳಿಸಿ ಎಂದು ನೀವೇ ಇಮೇಲ್ ಬರೆಯಿರಿ.

ಕಳೆದ ವಾರ ಇನ್ನೊಂದು ಕಂಪನಿಯ ಮೊದಲ ಕರೆಯ ಬಳಿಕ ನಾನು ಹಾಗೆಯೇ ಬರೆದೆ. ಎರಡನೆಯ ಸುತ್ತಿನಲ್ಲಿ ಅಲ್ಗಾರಿದಮ್ ಪ್ರಶ್ನೆ ಇರುತ್ತದೆ, ಕರೆಂಟ್ ಹೋದರೆ ಬೇರೆ ದಿನ ಕೊಡುತ್ತೇವೆ ಎಂಬ ಉತ್ತರ ಅದೇ ಮಧ್ಯಾಹ್ನ ಬಂತು, ಸಂದರ್ಶಕರಿಗೂ ಅದರ ಪ್ರತಿ ಹೋಗಿತ್ತು.