ಮೆಸ್ ಎಂಬ ಫಲಕಕ್ಕೆ ತಕ್ಕ ಊಟ: ಸರಸ್ವತಿಪುರಂನ ಒಂದು ಊಟದ ಮನೆ

ಮೈಸೂರಿನ ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಹೆಂಚಿನ ಮನೆಯೊಂದರ ನಡುಮನೆಯಲ್ಲೂ ಅದಕ್ಕೆ ಹೊಂದಿಕೊಂಡ ಕೋಣೆಯಲ್ಲೂ ನಡೆಯುವ ಈ ಊಟದ ಜಾಗಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಗೇಟಿಗೆ ತೂಗುಹಾಕಿರುವ ತಗಡಿನ ಫಲಕದಲ್ಲಿ 'ಮೆಸ್' ಎಂದಷ್ಟೇ ಬರೆದಿದೆ. ನಡೆಸುವವರನ್ನು ಎಲ್ಲರೂ ಅಕ್ಕ ಎಂದು ಕರೆಯುವುದರಿಂದ ಬಾಯಿಮಾತಿನಲ್ಲಿ ಅದು ಅಕ್ಕನ ಮೆಸ್ ಆಗಿದೆ. ಮಾನಸಗಂಗೋತ್ರಿಯ ಸಂಶೋಧನ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿ ಕೋಣೆ ಮಾಡಿಕೊಂಡಿರುವ ಬ್ಯಾಂಕಿನ ಹುಡುಗರು, ಮಕ್ಕಳು ದೂರದ ಊರು ಸೇರಿದ ಮೇಲೆ ಮನೆಯಲ್ಲಿ ಒಲೆ ಹಚ್ಚುವುದನ್ನು ಕಡಿಮೆ ಮಾಡಿದ ನಿವೃತ್ತರು ಇಲ್ಲಿಯ ತಿಂಗಳ ಸದಸ್ಯರು. ಆಗೊಮ್ಮೆ ಈಗೊಮ್ಮೆ ಬರುವವರಿಗೂ ಊಟ ಸಿಗುತ್ತದೆ, ಆದರೆ ಸದಸ್ಯರು ಕುಳಿತ ಮೇಲೆ.

ಈ ಜಾಗದ ಬಗ್ಗೆ ಕೇಳಿಬರುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಇಲ್ಲಿ ಮೆನು ಇಲ್ಲ, ಬೇಕಾದದ್ದನ್ನು ಕೇಳಿ ತರಿಸಿಕೊಳ್ಳುವಂತಿಲ್ಲ, ಗುರುತಿಲ್ಲದವರ ಎದುರು ಕೂರಬೇಕಾಗುತ್ತದೆ, ಒಂದು ಮೇಜು ತುಂಬುವ ತನಕ ಬಡಿಸುವುದಿಲ್ಲ. ಇವೆಲ್ಲ ನಿಜವೇ ಆದರೂ, ಹೋಟೆಲೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದವರ ದೂರುಗಳೆಂದು ನನಗೆ ತೋರುತ್ತದೆ. ಫಲಕ ಹೋಟೆಲ್ ಎಂದು ಹೇಳುತ್ತಿಲ್ಲ. ಅದು ಹೇಳುತ್ತಿರುವ ಇಂಗ್ಲಿಷ್ ಪದಕ್ಕೆ ಏಳು ಶತಮಾನಗಳ ಇತಿಹಾಸವಿದೆ, ಮತ್ತು ಆ ಇತಿಹಾಸವನ್ನು ತಿಳಿದು ಇಲ್ಲಿ ಉಂಡರೆ, ಕುಂದುಗಳೆಂದು ಎಣಿಸಿದವುಗಳಲ್ಲಿ ಕೆಲವು ಆ ಪದದ ಮೂಲ ಲಕ್ಷಣಗಳೇ ಎಂದು ಗೊತ್ತಾಗುತ್ತದೆ.

ಇಂದಿನ ಇಂಗ್ಲಿಷಿನಲ್ಲಿ ಮೆಸ್ ಎಂದೊಡನೆ ಹೊಳೆಯುವುದು ಗಲೀಜು, ಗೊಂದಲ, ಅಸ್ತವ್ಯಸ್ತ ಎಂಬ ಅರ್ಥಗಳು. ಪದದ ವಂಶದಲ್ಲಿ ಇವು ತೀರ ಕಿರಿಯವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬಳಕೆಗೆ ಬಂದವು. ಸುಮಾರು 1300ರ ಹೊತ್ತಿಗೆ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಇದರ ಅರ್ಥ ಒಬ್ಬರಿಗೆ ಬಡಿಸಿದ ಊಟದ ಪಾಲು ಎಂದಿತ್ತು. ಅದರ ಹಿಂದಿರುವುದು ಲ್ಯಾಟಿನ್ನಿನ 'ಮಿತ್ತೆರೆ' ಎಂಬ ಕ್ರಿಯಾಪದ. ಅದಕ್ಕೆ ಕಳುಹಿಸು ಎಂಬ ಅರ್ಥವಿತ್ತು, ಮುಂದಿನ ಕಾಲದ ಲ್ಯಾಟಿನ್ನಿನಲ್ಲಿ ಇಡು ಎಂಬ ಅರ್ಥವೂ ಸೇರಿತು. ಅಡುಗೆಮನೆಯಿಂದ ಕಳುಹಿಸಿ ಊಟದ ಮೇಜಿನ ಮೇಲೆ ಇಟ್ಟದ್ದು ಮೆಸ್. ನಮ್ಮ 'ಎಡೆ' ಎಂಬ ಪದ ಜಾಗವನ್ನೂ ಆ ಜಾಗದಲ್ಲಿ ಬಡಿಸಿಟ್ಟ ಅನ್ನವನ್ನೂ ಒಟ್ಟಿಗೆ ಸೂಚಿಸುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸಲಾರದು. ಅದೇ ಧಾತುವಿನಿಂದ ಮೆಸೇಜ್, ಮಿಷನ್, ಮಿಸೈಲ್ ಎಂಬ ಪದಗಳೂ ಹುಟ್ಟಿವೆ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಗೂ ಸರಸ್ವತಿಪುರಂನ ಈ ಮೆಸ್ಸಿಗೂ ಇರುವ ನಂಟು ಇದು. ಇಬ್ಬರಲ್ಲಿ ಯಾರಿಗೂ ಗೊತ್ತಿರುವಂತೆ ಕಾಣೆ.

ಪಾಲು ಎಂಬ ಈ ಮೊದಲ ಅರ್ಥ 1611ರ ಇಂಗ್ಲಿಷ್ ಬೈಬಲಿನಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ. ಆದಿಕಾಂಡದ 43ನೆಯ ಅಧ್ಯಾಯದಲ್ಲಿ ಯೋಸೇಫನು ತನ್ನ ಮುಂದಿದ್ದ ಊಟದಿಂದ ಅಣ್ಣತಮ್ಮಂದಿರಿಗೆ ಮೆಸ್ಸುಗಳನ್ನು ಕಳುಹಿಸುತ್ತಾನೆ. ಕಿರಿಯವನಾದ ಬೆನ್ಯಾಮೀನನ ಮೆಸ್ ಉಳಿದವರದಕ್ಕಿಂತ ಐದು ಪಟ್ಟು ದೊಡ್ಡದಾಗಿರುತ್ತದೆ. ಅಕ್ಕನ ಮೆಸ್ಸಿನಲ್ಲಿ ಬೆನ್ಯಾಮೀನನಿಗೆ ಅವಕಾಶವಿಲ್ಲ. ಮೊದಲ ಸಲ ಬಡಿಸುವುದು ಎಲ್ಲರಿಗೂ ಅಳತೆಯಂತೆ: ಮುದ್ದೆಯ ದಿನವಾದರೆ ಒಂದು ಮುದ್ದೆ, ಇಲ್ಲವಾದರೆ ಎರಡು ಚಪಾತಿ, ಒಂದು ಸೌಟು ಪಲ್ಯ, ಒಂದು ಚಮಚ ಕೋಸಂಬರಿ, ಒಂದು ಹಪ್ಪಳ. ಅನ್ನ, ಸಾರು, ಹುಳಿ, ಮಜ್ಜಿಗೆ ಕೇಳಿದಷ್ಟು ಬರುತ್ತವೆ. ಪಲ್ಯ ಎರಡನೆಯ ಸಲ ಬೇಕಾದರೆ ಎಲ್ಲ ಮೇಜುಗಳಿಗೂ ಒಂದು ಸುತ್ತು ಆಗುವ ತನಕ ಕಾಯಬೇಕು. ಇದನ್ನು ಜಿಪುಣತನ ಎಂದವರುಂಟು. ಕೊನೆಯ ಪಂಕ್ತಿಗೆ ಬಂದವರ ತಟ್ಟೆಯಲ್ಲೂ ಮೊದಲ ಪಂಕ್ತಿಯವರಿಗೆ ಬಡಿಸಿದಷ್ಟೇ ಪಲ್ಯ ಇರುವುದನ್ನು ನೋಡಿದ ಮೇಲೆ ಆ ಮಾತನ್ನು ಒಪ್ಪುವುದು ಕಷ್ಟ.

ಹದಿನೈದನೆಯ ಶತಮಾನದ ವೇಳೆಗೆ ಪಾಲಿನ ಹೆಸರು ಪಾಲುದಾರರಿಗೆ ದಾಟಿತು. ದೊಡ್ಡ ಔತಣಗಳಲ್ಲಿ ಅತಿಥಿಗಳನ್ನು ನಾಲ್ಕು ನಾಲ್ಕು ಮಂದಿಯ ಗುಂಪುಗಳಾಗಿ ಕೂರಿಸಿ, ಗುಂಪಿಗೊಂದರಂತೆ ಪಾತ್ರೆಗಳನ್ನು ಇಡುತ್ತಿದ್ದರು. ಆ ನಾಲ್ವರ ಗುಂಪನ್ನೇ ಮೆಸ್ ಎನ್ನುತ್ತಿದ್ದರು. ನಾಲ್ಕು ಎಂಬ ಸಂಖ್ಯೆ ಈ ಪದಕ್ಕೆ ಎಷ್ಟು ಬಲವಾಗಿ ಅಂಟಿಕೊಂಡಿತ್ತೆಂದರೆ, ಶೇಕ್ಸ್‌ಪಿಯರನ 'ಲವ್ಸ್ ಲೇಬರ್ಸ್ ಲಾಸ್ಟ್' ನಾಟಕದಲ್ಲಿ ಒಬ್ಬನು ತನ್ನ ಮೂವರು ಗೆಳೆಯರನ್ನು ಮೂರ್ಖರೆಂದು ಕರೆದು, ಮೆಸ್ ಪೂರ್ತಿಯಾಗಲು ನಾಲ್ಕನೆಯ ಮೂರ್ಖನಾಗಿ ತಾನು ಬೇಕಿತ್ತು ಎನ್ನುತ್ತಾನೆ. ಲಂಡನ್ನಿನ ವಕೀಲರ ಹಳೆಯ ಸಂಸ್ಥೆಗಳಾದ ಇನ್ಸ್ ಆಫ್ ಕೋರ್ಟ್‌ಗಳಲ್ಲಿ ಈ ನಾಲ್ವರ ಪದ್ಧತಿ ಶತಮಾನಗಳ ಕಾಲ ಉಳಿದು ಬಂದಿದೆ. ಅಲ್ಲಿ ಬ್ಯಾರಿಸ್ಟರ್ ಆಗಬೇಕಾದವರು ಪರೀಕ್ಷೆಗಳ ಜೊತೆಗೆ ಗೊತ್ತುಪಡಿಸಿದಷ್ಟು ಔತಣಗಳಲ್ಲಿಯೂ ಹಾಜರಿರಬೇಕಿತ್ತು. 1888ರಿಂದ 1891ರ ತನಕ ಅಲ್ಲಿ ಓದಿದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ತಮಾಷೆಯಾಗಿ ನೆನೆದಿದ್ದಾರೆ: ನಾಲ್ವರ ಗುಂಪಿಗೆ ಎರಡು ಬಾಟಲಿ ಮದ್ಯ ಕೊಡುತ್ತಿದ್ದರು, ತಾವು ಅದನ್ನು ಮುಟ್ಟದೆ ಇದ್ದುದರಿಂದ ತಮ್ಮನ್ನು ನಾಲ್ಕನೆಯವರಾಗಿ ಸೇರಿಸಿಕೊಳ್ಳಲು ಎಲ್ಲರಿಗೂ ಆಸೆ, ಏಕೆಂದರೆ ಆಗ ಎರಡೂ ಬಾಟಲಿಗಳು ಮೂವರ ಪಾಲಿಗೆ.

ಅಕ್ಕನ ಮೆಸ್ಸಿನ ಮೇಜುಗಳೂ ನಾಲ್ವರವೇ. ಪ್ರತಿ ಮೇಜಿನ ನಡುವೆ ಒಂದು ಬೋಗುಣಿ ಹುಳಿ, ಒಂದು ಚೊಂಬು ಮಜ್ಜಿಗೆ, ಒಂದು ಸಣ್ಣ ಬಟ್ಟಲಲ್ಲಿ ಉಪ್ಪಿನಕಾಯಿ, ಶುಕ್ರವಾರಗಳಂದು ಒಂದು ಗಿಂಡಿ ತುಪ್ಪ ಇರುತ್ತವೆ. ಅವನ್ನು ನಾಲ್ವರೂ ತಾವೇ ಬಡಿಸಿಕೊಳ್ಳಬೇಕು. ಮೇಜು ತುಂಬುವ ತನಕ ಬಡಿಸುವುದಿಲ್ಲ ಎಂಬ ನಿಯಮದ ಕಾರಣ ಇದು. ಇಬ್ಬರಿಗೇ ಬೋಗುಣಿ ಇಟ್ಟರೆ ಉಳಿದ ಹುಳಿಯನ್ನು ಮತ್ತೊಂದು ಮೇಜಿಗೆ ಕೊಂಡೊಯ್ಯುವುದನ್ನು ಯಾರೂ ಮೆಚ್ಚುವುದಿಲ್ಲ, ಚೆಲ್ಲುವುದಕ್ಕೆ ಅಕ್ಕನ ಮನಸ್ಸು ಒಪ್ಪುವುದಿಲ್ಲ. ಗಾಂಧೀಜಿಯವರ ಲೆಕ್ಕಾಚಾರ ಇಲ್ಲಿಯೂ ನಡೆಯುತ್ತದೆ: ಸಕ್ಕರೆ ಕಾಯಿಲೆಯಿಂದಲೋ ಕೊಲೆಸ್ಟ್ರಾಲಿನ ಭಯದಿಂದಲೋ ತುಪ್ಪ ಬಿಟ್ಟಿರುವ ಹಿರಿಯರ ಮೇಜಿನಲ್ಲಿ ಜಾಗ ಹಿಡಿಯಲು ಶುಕ್ರವಾರ ವಿದ್ಯಾರ್ಥಿಗಳು ಬೇಗ ಬರುತ್ತಾರೆ. ಒಂದೇ ಬೋಗುಣಿಗೆ ಕೈಹಾಕುವ ನಾಲ್ವರು ಅಪರಿಚಿತರಾಗಿಯೇ ಬಹಳ ಹೊತ್ತು ಉಳಿಯುವುದು ಸಾಧ್ಯವಿಲ್ಲ. ಸೌಟನ್ನು ಆ ಕಡೆಗೆ ತಿರುಗಿಸಿ ಎಂಬ ಒಂದು ಮಾತಾದರೂ ಆಡಲೇಬೇಕಾಗುತ್ತದೆ. ಮೌನವಾಗಿ, ಮೊಬೈಲ್ ನೋಡುತ್ತ ಉಣ್ಣಬೇಕೆನ್ನುವವರಿಗೆ ಈ ಜಾಗ ಹಿಡಿಸಲಾರದು.

ಹದಿನಾರನೆಯ ಶತಮಾನದಿಂದ ಈಚೆಗೆ ಮೆಸ್ ಸೈನಿಕರ ಮತ್ತು ನಾವಿಕರ ಪದವಾಯಿತು. ಬ್ರಿಟಿಷ್ ನೌಕೆಗಳಲ್ಲಿ ನಾವಿಕರನ್ನು ಸಣ್ಣ ಸಣ್ಣ ಮೆಸ್ಸುಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆ ಕೊಡುತ್ತಿದ್ದರು; ಒಬ್ಬೊಬ್ಬರು ಸರದಿಯಂತೆ ಅಡುಗೆಕೋಣೆಯಿಂದ ತಮ್ಮ ಗುಂಪಿನ ಊಟ ತರಬೇಕಿತ್ತು. ಒಬ್ಬನು ತನ್ನ ಮೆಸ್ಸಿನ ಸಂಖ್ಯೆಯನ್ನು ಕಳೆದುಕೊಂಡ ಎಂದರೆ ಅವನು ಸತ್ತ ಎಂದು ನಾವಿಕರ ಮಾತಿನಲ್ಲಿ ಅರ್ಥ. ಪಾಲಿನಲ್ಲಿ ಪಕ್ಷಪಾತವಾಗದಂತೆ ಅವರು ಕಂಡುಕೊಂಡಿದ್ದ ಉಪಾಯವೂ ಸೊಗಸಾಗಿದೆ: ಒಬ್ಬನು ಊಟಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಾನೆ, ಮತ್ತೊಬ್ಬನು ಒಂದೊಂದೇ ಪಾಲನ್ನು ತೋರಿಸಿ ಇದು ಯಾರಿಗೆ ಎಂದು ಕೇಳುತ್ತಾನೆ, ನೋಡದೆ ನಿಂತವನು ಒಂದು ಹೆಸರು ಹೇಳುತ್ತಾನೆ. 1789ರಲ್ಲಿ ಬೌಂಟಿ ಎಂಬ ನೌಕೆಯಲ್ಲಿ ದಂಗೆಯಾಗಿ, ತನಗೆ ನಿಷ್ಠರಾಗಿ ಉಳಿದವರೊಡನೆ ತೆರೆದ ದೋಣಿಯಲ್ಲಿ ನಡುಸಮುದ್ರದಲ್ಲಿ ಬಿಡಲ್ಪಟ್ಟ ಕಪ್ತಾನ ಬ್ಲೈ, ಕೈಗೆ ಸಿಕ್ಕ ಒಂದು ಹಕ್ಕಿಯನ್ನು ಹದಿನೆಂಟು ತುಣುಕು ಮಾಡಿ ಹಂಚಿದ್ದು ಇದೇ ಕ್ರಮದಿಂದ.

ದಂಡಿನ ಈ ಪದ ನಮ್ಮಲ್ಲಿ ವಿದ್ಯಾರ್ಥಿನಿಲಯಗಳಿಗೆ ಬಂದು ಮೆಸ್ ಬಿಲ್, ಮೆಸ್ ಸೆಕ್ರೆಟರಿ, ಮೆಸ್ ಕಟ್ ಎಂದು ಮರಿಹಾಕಿತು. ತಿಂಗಳ ಒಟ್ಟು ಖರ್ಚನ್ನು ಉಂಡವರ ತಲೆಗೆ ಹಂಚುವ ಡಿವೈಡಿಂಗ್ ಪದ್ಧತಿಯನ್ನು ಬಲ್ಲವರಿಗೆ ಅದರ ಸುಖದುಃಖಗಳೂ ಗೊತ್ತು. ಅದಕ್ಕೂ ಹಿಂದೆ ಮೈಸೂರಿಗೆ ಓದಲು ಬಂದ ಬಡ ಹುಡುಗರು ವಾರಾನ್ನವನ್ನು ನಂಬಿದ್ದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದರಲ್ಲಿ ಅನ್ನದಾತರ ಔದಾರ್ಯವಿತ್ತು, ಉಣ್ಣುವವನ ಸಂಕೋಚವೂ ಇತ್ತು, ಜಾತಿಯ ಗೆರೆಯಂತೂ ಇದ್ದೇ ಇತ್ತು. ಪಾಲಿಗೆ ಹಣ ಕೊಟ್ಟು ಯಾರ ಪಕ್ಕದಲ್ಲಾದರೂ ಕುಳಿತು ಉಣ್ಣುವ ಮೆಸ್ಸಿನಲ್ಲಿ ಈ ಮೂರೂ ಇಲ್ಲ. ನನ್ನ ದೃಷ್ಟಿಯಲ್ಲಿ ಅದೇ ಇದರ ಹೆಚ್ಚುಗಾರಿಕೆ. ಅಕ್ಕ ಡಿವೈಡಿಂಗ್ ಲೆಕ್ಕಕ್ಕೆ ಹೋಗುವುದಿಲ್ಲ. ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ 4,000 ರೂಪಾಯಿ, ಮುಂಗಡವಾಗಿ. ಬಿಡಿ ಊಟಕ್ಕೆ 80 ರೂಪಾಯಿ.

ಇನ್ನು ಅಡುಗೆಯ ವಿಚಾರ. ಅಡುಗೆಯವರು ಪಾಂಡವಪುರದ ಕಡೆಯವರಾದ್ದರಿಂದ ಮುದ್ದೆ, ಬಸ್ಸಾರು, ಉಪ್ಸಾರುಗಳ ದಿನ ಊಟ ಬೇರೆಯೇ ಮಟ್ಟಕ್ಕೆ ಏರುತ್ತದೆ. ಸೊಪ್ಪು ಮತ್ತು ಕಾಳು ಬೇಯಿಸಿ ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ ಮಾಡುವ ಬಸ್ಸಾರು, ಏನನ್ನೂ ಚೆಲ್ಲಬಾರದೆನ್ನುವ ಮೆಸ್ಸಿಗೆ ಹೇಳಿ ಮಾಡಿಸಿದ ಅಡುಗೆ. ಇಲ್ಲಿಯ ಸಾರಿಗೆ ಹುರಿದು ರುಬ್ಬಿದ ಖಾರದ ಘಮ ಇದೆ, ಮುದ್ದೆಯಲ್ಲಿ ಗಂಟಿಲ್ಲ. ಹುಳಿ ಸಾಧಾರಣ. ತಿಳಿಸಾರು ಮಾತ್ರ ಮಧ್ಯಾಹ್ನ ಒಂದು ಗಂಟೆಗೆ ಒಂದು ರುಚಿ, ಎರಡು ಗಂಟೆಗೆ ಇನ್ನೊಂದು ರುಚಿ. ಕಡೆಯ ಪಂಕ್ತಿಗೆ ಪಲ್ಯ ಮೊದಲ ಪಂಕ್ತಿಯಷ್ಟೇ ಸಿಕ್ಕರೂ ಸಾರಿಗೆ ಬಿಸಿನೀರು ಸೇರುತ್ತದೆಂಬ ಗುಮಾನಿ ಎಲ್ಲರಿಗೂ ಇದೆ. ಚಪಾತಿ ರಾತ್ರಿಯ ಹೊತ್ತು ಬಿರುಸಾಗಿರುತ್ತದೆ.

ಪದದ ಕೊನೆಯ ತಿರುವಿನ ಬಗ್ಗೆಯೂ ಹೇಳಬೇಕು. ಪಾಲು ಎಂಬ ಅರ್ಥದ ಪಕ್ಕದಲ್ಲೇ ಗಂಜಿಯಂತಹ ಮೆತ್ತನೆಯ ಅಡುಗೆ ಎಂಬ ಅರ್ಥವೂ ಇಂಗ್ಲಿಷಿನಲ್ಲಿ ಬೆಳೆದಿತ್ತು; ಹದಿನೆಂಟನೆಯ ಶತಮಾನದಲ್ಲಿ ಅದು ಪ್ರಾಣಿಗಳಿಗೆ ಕಲಸಿ ಹಾಕುವ ಮೇವಿಗೂ ಸಂದು, ಅಲ್ಲಿಂದ ಕಲಸುಮೇಲೋಗರಕ್ಕೆ, ಕಲಸುಮೇಲೋಗರದಿಂದ ಗೊಂದಲಕ್ಕೆ, ಗೊಂದಲದಿಂದ ಗಲೀಜಿಗೆ ಇಳಿಯಿತು. ಕನ್ನಡ ಊಟದ ಮನೆಯ ಅರ್ಥವನ್ನಷ್ಟೇ ಎತ್ತಿಕೊಂಡು ಇಳಿಜಾರನ್ನು ಇಂಗ್ಲಿಷಿಗೇ ಬಿಟ್ಟಿತು. ಈ ಹೊಸ ಅರ್ಥಕ್ಕೆ ಇಲ್ಲಿ ಅವಕಾಶವಿರುವುದು ಒಂದೇ ಕಡೆ, ಹಿತ್ತಲಿನ ಕೈತೊಳೆಯುವ ಜಾಗದಲ್ಲಿ. ಅಷ್ಟು ಮಂದಿಗೆ ಇರುವುದು ಒಂದೇ ನಲ್ಲಿ. ನೆಲದ ಕಲ್ಲು ಸದಾ ಒದ್ದೆ. ಎಂಜಲು ತಟ್ಟೆಗಳ ತೊಟ್ಟಿ ಅದರ ಪಕ್ಕದಲ್ಲೇ. ಅಡುಗೆಮನೆ ಮತ್ತು ಊಟದ ಮನೆ ಚೊಕ್ಕಟವಾಗಿರುವುದರಿಂದ ಈ ಮೂಲೆ ಇನ್ನಷ್ಟು ಕಣ್ಣಿಗೆ ಕುಕ್ಕುತ್ತದೆ. ತುಪ್ಪದ ಗಿಂಡಿಗೆ ತಗಲುವ ಖರ್ಚಿಗಿಂತ ಎರಡನೆಯ ನಲ್ಲಿಯ ಖರ್ಚು ಹೆಚ್ಚೇನೂ ಆಗಲಾರದು.

ಇನ್ನೊಂದು ಅಸಮಾಧಾನ ರಜೆಯ ಲೆಕ್ಕದ್ದು. ಮೊದಲೇ ತಿಳಿಸಿ, ಎಡೆಬಿಡದೆ ಒಂದು ವಾರ ಊರಿಗೆ ಹೋದವರಿಗೆ ಮಾತ್ರ ಹಣ ಕಳೆಯುತ್ತಾರೆ. ವಾರದ ಕೊನೆಗೆ ಊರಿಗೆ ಹೋಗುವ ಮಂಡ್ಯ, ಚಾಮರಾಜನಗರದ ಹುಡುಗರಿಗೆ ಇದರಿಂದ ತಿಂಗಳಿಗೆ ಎಂಟು ಹತ್ತು ಊಟ ನಷ್ಟ. ಅಂಥವರು ತಿಂಗಳ ಬದಲು ಬಿಡಿ ಊಟದ ಚೀಟಿಗಳನ್ನು ಒಟ್ಟಿಗೆ ಕೊಂಡರೆ ಸ್ವಲ್ಪ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. ಕೇಳಿದರೆ ಅಕ್ಕ ಕೊಡುತ್ತಾರೆ, ತಾವಾಗಿ ಹೇಳುವುದಿಲ್ಲ. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆಯ ತನಕ, ರಾತ್ರಿಯದು ಏಳೂವರೆಯಿಂದ ಒಂಬತ್ತೂವರೆಯ ತನಕ. ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ. ಹೊರಗಿನವರು ಬೆಳಿಗ್ಗೆ ಹತ್ತರೊಳಗೆ ಹೇಳಿ ಹೋಗಬೇಕು, ಮೂವರಾಗಿ ಹೋಗುವುದಕ್ಕಿಂತ ನಾಲ್ವರಾಗಿ ಹೋದರೆ ಕಾಯುವ ಪ್ರಮೇಯ ಬರುವುದಿಲ್ಲ.