ಸೆಕೆಂಡ್ ಹ್ಯಾಂಡ್ ಕಾರು ಇದೆಯಾ? ಚಾಸಿ ನಂಬರ್ ಕೊಟ್ಟು ರೀಕಾಲ್ ಬಾಕಿ ಇದೆಯಾ ಅಂತ ಕೇಳಿ

ಎರಡೂವರೆ ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಚಿಕ್ಕ ಪೆಟ್ರೋಲ್ ಗಾಡಿ, ನಾನು ಮೂರನೇ ಓನರ್. ಯಾವ ಕಂಪನಿ ಅಂತ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಕೊಳ್ಳುವ ಮುಂಚೆ ಟೈರ್ ನೋಡಿದೆ, ಆಯಿಲ್ ಕಡ್ಡಿ ಎಳೆದು ನೋಡಿದೆ, ಆಕ್ಸಿಡೆಂಟ್ ಆಗಿದೆಯಾ ಅಂತ ಬಾಗಿಲ ಸಂದಿಯ ಪೇಂಟನ್ನೂ ಉಗುರಲ್ಲಿ ಕೆರೆದು ನೋಡಿದೆ. ಈ ಗಾಡಿಗೆ ರೀಕಾಲ್ ಏನಾದರೂ ಬಾಕಿ ಇದೆಯಾ, ಅಂದರೆ ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆದು ಫ್ರೀಯಾಗಿ ಸರಿಮಾಡಿಕೊಡುವ ರಿಪೇರಿ ಏನಾದರೂ ಉಳಿದಿದೆಯಾ ಅಂತ ಮಾತ್ರ ಕೇಳಲಿಲ್ಲ. ಹಾಗೊಂದು ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ.

ಮೊದಲ ಬೇಸಿಗೆಯಲ್ಲೇ ಎಸಿ ಬ್ಲೋವರ್ ಕೈಕೊಟ್ಟಿತು. ಒಂದು, ಎರಡು, ಮೂರರಲ್ಲಿ ಗಾಳಿಯೇ ಇಲ್ಲ. ನಾಲ್ಕಕ್ಕೆ ತಿರುಗಿಸಿದರೆ ಮಾತ್ರ ಭರ್ರೋ ಅಂತ ಹೊಡೆಯುತ್ತಿತ್ತು. ವಾರಂಟಿ ಮುಗಿದ ಗಾಡಿ, ಶೋರೂಮಿಗೆ ಯಾಕೆ ದುಡ್ಡು ಸುರಿಯೋದು ಅಂತ ಶಿವಮೊಗ್ಗದಲ್ಲೇ ಪರಿಚಯದ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಗ್ಲೋವ್ ಬಾಕ್ಸ್ ಕೆಳಗೆ ಕೈ ಹಾಕಿ ಒಂದು ಸಣ್ಣ ತುಂಡು ಹೊರಗೆ ತೆಗೆದರು. "ರೆಸಿಸ್ಟರ್ ಹೋಗಿದೆ ಸಾರ್. ಹೊಸದು ಹಾಕಿದ್ರೆ ಎರಡು ಸಾವಿರದ ಹತ್ರ ಆಗುತ್ತೆ. ಇದರ ಫ್ಯೂಸನ್ನೇ ಡೈರೆಕ್ಟ್ ಮಾಡಿಕೊಟ್ರೆ ಮುನ್ನೂರು." ಡೈರೆಕ್ಟ್ ಅಂದರೆ ಫ್ಯೂಸನ್ನು ಬಿಟ್ಟು ನೇರವಾಗಿ ಬೆಸುಗೆ ಹಾಕುವುದು. ನಾನು ಮುನ್ನೂರಕ್ಕೆ ಹೂಂ ಅಂದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, ಎಲ್ಲ ಸ್ಪೀಡೂ ಬಂತು. ಖುಷಿಯಲ್ಲಿ ಅವರಿಗೆ ಟೀ ಬೇರೆ ಕುಡಿಸಿದೆ.

ಆ ತುಂಡಿನ ಕೆಲಸ ಏನು ಅಂತ ಆಮೇಲೆ ಗೊತ್ತಾಯಿತು. ಕಡಿಮೆ ಸ್ಪೀಡಿನಲ್ಲಿ ಇಟ್ಟಾಗ ಮೋಟಾರಿಗೆ ಹೋಗುವ ಕರೆಂಟನ್ನು ಅದು ತಡೆದು ಇಳಿಸುತ್ತದೆ. ತಡೆದದ್ದೆಲ್ಲ ಬಿಸಿಯಾಗುತ್ತದೆ, ಇಸ್ತ್ರಿಪೆಟ್ಟಿಗೆಯ ಕಾಯಿಲ್ ಇದ್ದ ಹಾಗೆ. ಬ್ಲೋವರಿನ ಗಾಳಿಯೇ ಅದನ್ನು ತಣ್ಣಗಿಡಲಿ ಅಂತ ಗಾಳಿ ಹೋಗುವ ದಾರಿಯಲ್ಲೇ ಕೂರಿಸಿರುತ್ತಾರೆ. ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡು ಗಾಳಿ ಕಡಿಮೆಯಾದರೆ, ಅಥವಾ ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟ್ ಎಳೆದರೆ, ಬಿಸಿ ಮಿತಿಮೀರುತ್ತದೆ. ಆಗ ಮೊದಲು ಹಾರಲಿ ಅಂತಲೇ ಅದರಲ್ಲಿ ಒಂದು ಫ್ಯೂಸ್ ಇರುವುದು. ನಾಲ್ಕನೇ ಸ್ಪೀಡಿಗೆ ರೆಸಿಸ್ಟರ್ ಬೇಕಿಲ್ಲ, ಅದಕ್ಕೇ ಅದೊಂದು ಮಾತ್ರ ಓಡುತ್ತಿತ್ತು. ಅಂದರೆ ಗಾಡಿ ನನಗೆ ಸರಿಯಾಗಿಯೇ ಎಚ್ಚರಿಕೆ ಕೊಟ್ಟಿತ್ತು. ನಾನು ಮುನ್ನೂರು ರೂಪಾಯಿ ಕೊಟ್ಟು ಅದರ ಬಾಯಿ ಮುಚ್ಚಿಸಿದೆ.

ಕಳೆದ ಜುಲೈನಲ್ಲಿ ಅಮ್ಮನನ್ನೂ ಮಗಳನ್ನೂ ಕೂರಿಸಿಕೊಂಡು ಉಡುಪಿಗೆ ಹೊರಟೆ. ತೀರ್ಥಹಳ್ಳಿ ದಾಟಿದ ಮೇಲೆ ಮಳೆ ಅಂದರೆ ಮಳೆ. ಗಾಜಿಗೆ ಆವಿ ಕಟ್ಟಬಾರದು ಅಂತ ಬ್ಲೋವರ್ ಎರಡರಲ್ಲಿ ಇಟ್ಟು ಒಂದು ಗಂಟೆಯ ಮೇಲಾಗಿತ್ತು. ಮುಂದೆ ಕೂತಿದ್ದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂದರು. ಹೊರಗಡೆ ಯಾರೋ ಕಸಕ್ಕೆ ಬೆಂಕಿ ಹಾಕಿರಬೇಕು ಅಂದೆ. ಆ ಮಳೆಯಲ್ಲಿ ಕಸಕ್ಕೆ ಬೆಂಕಿ! ಎರಡು ನಿಮಿಷ ಆಗಿರಬಹುದು, ಅಮ್ಮ ಸೀರೆ ಎತ್ತಿ ಕಾಲು ಹಿಂದಕ್ಕೆ ಎಳೆದುಕೊಂಡರು. ಗ್ಲೋವ್ ಬಾಕ್ಸ್ ಕೆಳಗಿಂದ ಹೊಗೆ. ಊದುಬತ್ತಿ ಹೊಗೆಯಷ್ಟೇ ತೆಳ್ಳಗೆ ಶುರುವಾಗಿದ್ದು, ನಾನು ಪಕ್ಕಕ್ಕೆ ನಿಲ್ಲಿಸುವಷ್ಟರಲ್ಲಿ ಕಣ್ಣು ಉರಿಯುವಷ್ಟಾಯಿತು.

ಮೇಗರವಳ್ಳಿ ಹತ್ತಿರ ಒಂದು ಟೀ ಅಂಗಡಿ ಎದುರು ನಿಲ್ಲಿಸಿ ಕೀ ತೆಗೆದೆ. ಮಗಳನ್ನು ಹಿಂದಿನ ಬಾಗಿಲಿನಿಂದ ಎಳೆದುಕೊಂಡೆ. ಅಂಗಡಿಯವರು ಓಡಿಬಂದು ಬಕೆಟ್ ನೀರು ಎತ್ತಿಯೇಬಿಟ್ಟಿದ್ದರು, ಅಲ್ಲೇ ನಿಂತಿದ್ದ ಲಾರಿ ಡ್ರೈವರೊಬ್ಬರು ತಡೆದರು. "ವೈರಿಂಗಿಗೆ ನೀರು ಹಾಕಬ್ಯಾಡ್ರೀ, ಮೊದಲು ಬ್ಯಾಟರಿ ಬಿಚ್ಚೋಣ." ಅವರೇ ತಮ್ಮ ಸ್ಪ್ಯಾನರ್ ತಂದು ನೆಗೆಟಿವ್ ಟರ್ಮಿನಲ್ ಬಿಚ್ಚಿದರು. ಹೊಗೆ ನಿಧಾನಕ್ಕೆ ನಿಂತಿತು. ಅವರ ಹೆಸರನ್ನೂ ಕೇಳಲಿಲ್ಲ ನಾನು, ಅಷ್ಟು ಕೈಕಾಲು ನಡುಗುತ್ತಿತ್ತು.

ಮಾರನೇ ದಿನ ಟೋಯಿಂಗ್ ಗಾಡಿಯಲ್ಲಿ ಸರ್ವಿಸ್ ಸೆಂಟರಿಗೆ ಹಾಕಿಸಿದೆ. ಅಲ್ಲಿದ್ದ ಹುಡುಗ ಚಾಸಿ ನಂಬರ್ ಟೈಪ್ ಮಾಡಿ, ಸ್ವಲ್ಪ ಹೊತ್ತು ಸ್ಕ್ರೀನನ್ನೇ ನೋಡಿದ. "ಸಾರ್, ಇದಕ್ಕೆ ರೀಕಾಲ್ ಪೆಂಡಿಂಗ್ ತೋರಿಸ್ತಿದೆ. ಬ್ಲೋವರ್ ರೆಸಿಸ್ಟರ್ ಮತ್ತೆ ಕಪ್ಲರ್, ಅಂದ್ರೆ ಅದಕ್ಕೆ ವೈರ್ ಸೇರಿಸೋ ಪ್ಲಗ್. ಮೂರು ವರ್ಷ ಆಯ್ತು."

ಮೂರು ವರ್ಷ! ಪತ್ರ ಬಂದಿದ್ದು ಮೊದಲ ಓನರ್‌ಗೆ, ಅವರು ಖಾಲಿ ಮಾಡಿದ್ದ ಬೆಂಗಳೂರಿನ ಬಾಡಿಗೆ ಮನೆಗೆ. ಎರಡನೇ ಓನರ್ ತುಮಕೂರಿನವರು. ಫೋನ್ ಮಾಡಿ ಕೇಳಿದೆ. "ಹೌದು, ಯಾರೋ ಒಂದೆರಡು ಸಲ ಮಾಡಿದ್ರು. ಸರ್ವಿಸ್ ಡ್ಯೂ ಅಂತ ತಲೆ ತಿನ್ನೋ ಕಾಲ್ ಇರುತ್ತಲ್ಲ, ಅದೇ ಅಂದ್ಕೊಂಡು ಕಟ್ ಮಾಡ್ದೆ" ಅಂದರು. ಬೈಯಲು ಬಾಯಿ ಬರಲಿಲ್ಲ. ನಾನೂ ಅದನ್ನೇ ಮಾಡುವವನು.

ಮುಂದಿನದು ಇನ್ನೊಂದು ಗೋಳು. ಬಿಚ್ಚಿ ನೋಡಿದರೆ ಕಪ್ಲರ್ ಕರಗಿ ಬೆಲ್ಲದ ಪಾಕದ ಹಾಗೆ ಇಳಿದು ಗಟ್ಟಿಯಾಗಿತ್ತು, ಮೂರು ಇಂಚು ವೈರ್ ಬೋಳಾಗಿತ್ತು. ಡೈರೆಕ್ಟ್ ಮಾಡಿದ ಬೆಸುಗೆಯೂ ಅಲ್ಲೇ ಹೊಳೆಯುತ್ತಿತ್ತು. ಅದನ್ನು ಕಂಡದ್ದೇ "ಹೊರಗಡೆ ಕೈ ಹಾಕಿಸಿದ್ದೀರಿ, ಫ್ರೀ ಆಗಲ್ಲ" ಅಂತ ಶುರುವಾಯಿತು. ಜಗಳ ಆಡಲಿಲ್ಲ. ಫೋಟೋ, ಆರ್‌ಸಿ, ರೀಕಾಲ್ ಬಾಕಿ ತೋರಿಸುತ್ತಿದ್ದ ಸ್ಕ್ರೀನಿನ ಚಿತ್ರ ಎಲ್ಲ ಸೇರಿಸಿ ಕಂಪನಿಯ ಕಸ್ಟಮರ್ ಕೇರಿಗೆ ಮೇಲ್ ಹಾಕಿದೆ. ಹನ್ನೊಂದು ದಿನದ ಮೇಲೆ ರೆಸಿಸ್ಟರ್, ಕಪ್ಲರ್, ವೈರಿಂಗ್ ಫ್ರೀ ಅಂದರು. ಮೋಟಾರಿಗೆ ನಾನೇ 4,800 ಕೊಟ್ಟೆ. ಅದು ನ್ಯಾಯವೇ ಅಂತ ಈಗಲೂ ಅನುಮಾನ.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಓದಿದಾಗಲೇ ಗೊತ್ತಾಗಿದ್ದು. ಬ್ರಿಟನ್ನಿನಲ್ಲಿ ವಾಕ್ಸ್‌ಹಾಲ್ ಝಫೀರಾ ಬಿ ಕಾರುಗಳಿಗೆ ಸಾಲಾಗಿ ಬೆಂಕಿ ಹತ್ತಿತ್ತು. ಅಲ್ಲೂ ಇದೇ ಬ್ಲೋವರ್, ಇದೇ ರೆಸಿಸ್ಟರ್. ಫ್ಯೂಸಿಗೆ ಹೊರಗಿನವರು ಕೈ ಹಾಕಿದ್ದೇ ಕಾರಣ ಅಂತ ಕಂಪನಿ ಮೊದಲು ಹೇಳಿತ್ತು. 2015ರಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಗಾಡಿ ವಾಪಸ್ ಕರೆದರು. ಹಾಗೆ ರಿಪೇರಿ ಮಾಡಿಸಿಕೊಂಡ ಕೆಲವಕ್ಕೂ ಬೆಂಕಿ ಬಿತ್ತು, 2016ರಲ್ಲಿ ಮತ್ತೆ ಕರೆಯಬೇಕಾಯಿತು. ಆದ್ದರಿಂದ ಒಂದು ಸಲ ಮಾಡಿಸಿದ್ದೇನೆ ಅಂತ ನಿಶ್ಚಿಂತೆಯಿಂದ ಕೂರುವ ಹಾಗೂ ಇಲ್ಲ. ಟೊಯೋಟಾ 2012ರಲ್ಲಿ ಪವರ್ ವಿಂಡೋ ಸ್ವಿಚ್ಚಿಗಾಗಿ ಪ್ರಪಂಚದಾದ್ಯಂತ 74 ಲಕ್ಷ ಗಾಡಿ ಕರೆದಾಗ ಒಂದು ಮಾತು ಹೇಳಿತ್ತು: ಸ್ವಿಚ್ ಬಿಗಿ ಅಂತ ಅಂಗಡಿಯ ಲೂಬ್ರಿಕೆಂಟ್ ಹಾಕಬೇಡಿ, ಕರಗಿ ಹೊಗೆ ಬರಬಹುದು. ನಮ್ಮಲ್ಲಿ ಸ್ಪ್ರೇ ಹೊಡೆಯದ ಮೆಕ್ಯಾನಿಕ್ ಯಾರಿದ್ದಾರೆ ಹೇಳಿ.

ಇನ್ನೊಂದು. ನನ್ನ ಗಾಡಿಯಲ್ಲಿ ಕೀ ತೆಗೆದರೆ ಬ್ಲೋವರಿಗೆ ಕರೆಂಟ್ ನಿಲ್ಲುತ್ತದೆ. ಎಲ್ಲ ಭಾಗಗಳೂ ಹಾಗಲ್ಲ. ಅಮೆರಿಕದಲ್ಲಿ 2023ರಲ್ಲಿ ಹ್ಯುಂಡೈ ಮತ್ತು ಕಿಯಾ ಸುಮಾರು 34 ಲಕ್ಷ ಗಾಡಿ ರೀಕಾಲ್ ಮಾಡಿದಾಗ, ರಿಪೇರಿ ಆಗುವ ತನಕ ಮನೆಯಿಂದ ದೂರ, ಹೊರಗಡೆ ನಿಲ್ಲಿಸಿ ಅಂದಿದ್ದವು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಭಾಗದಲ್ಲಿ ಶಾರ್ಟ್ ಆದರೆ ನಿಂತ ಗಾಡಿಗೂ ಬೆಂಕಿ ಹತ್ತಬಹುದಿತ್ತು. ನಿಮಗೆ ಬಂದ ನೋಟಿಸಿನಲ್ಲಿ ಹಾಗೆ ಬರೆದಿದ್ದರೆ ಶೆಡ್ಡಿನೊಳಗೆ ಹಾಕಬೇಡಿ.

ಕೆಲಸ ಐದು ನಿಮಿಷದ್ದು. ಆರ್‌ಸಿ ಕಾರ್ಡಿನಲ್ಲಿ ಚಾಸಿ ನಂಬರ್ ಇರುತ್ತದೆ, ಈಗಿನ ಗಾಡಿಗಳಿಗೆ 17 ಅಕ್ಷರ-ಅಂಕಿಗಳು. ಆ ಕಂಪನಿಯ ಯಾವುದೇ ಸರ್ವಿಸ್ ಸೆಂಟರಿಗೆ ಕೊಟ್ಟು "ರೀಕಾಲ್ ಪೆಂಡಿಂಗ್ ಇದೆಯಾ" ಅಂತಲೇ ಕೇಳಿ. ಸುಮ್ನೆ "ಸರ್ವಿಸ್ ಬಾಕಿ ಇದೆಯಾ" ಅಂದರೆ ಆಯಿಲ್ ಚೇಂಜ್ ಹೇಳುತ್ತಾರೆ. ಕೆಲವು ಕಂಪನಿಗಳ ವೆಬ್‌ಸೈಟಿನಲ್ಲೇ ನಂಬರ್ ಹಾಕಿ ನೋಡಬಹುದು. ನೀವು ಎಷ್ಟನೇ ಓನರ್ ಅನ್ನುವುದು ಲೆಕ್ಕಕ್ಕಿಲ್ಲ. ಹಾಗೇ ನಿಮ್ಮ ಹೆಸರು, ಫೋನ್ ನಂಬರ್ ಅವರ ದಾಖಲೆಯಲ್ಲಿ ಬದಲಾಯಿಸಿ ಅನ್ನಿ. ಆರ್‌ಸಿ ನಿಮ್ಮ ಹೆಸರಿಗಾದ ಮಾತ್ರಕ್ಕೆ ಅಲ್ಲಿ ಬದಲಾಗಿರುತ್ತದೆ ಅಂದುಕೊಳ್ಳಬೇಡಿ. ನನ್ನದಂತೂ ಆಗಿರಲಿಲ್ಲ. ದೋಷದ ದೂರುಗಳು ಹೆಚ್ಚಾದರೆ ಸರ್ಕಾರವೇ ರೀಕಾಲ್ ಮಾಡಿಸುವ ನಿಯಮ 2021ರ ಏಪ್ರಿಲ್‌ನಿಂದ ಇದೆ, ಆದರೆ 7 ವರ್ಷದೊಳಗಿನ ಗಾಡಿಗಳಿಗೆ ಮಾತ್ರ.

ಎಲೆಕ್ಟ್ರಿಷಿಯನ್‌ಗೆ ಆ ಕರಗಿದ ಕಪ್ಲರ್ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು. "ನೀವೇ ಅಲ್ವಾ ಸಾರ್ ಮುನ್ನೂರರದ್ದೇ ಮಾಡಿ ಅಂದಿದ್ದು?" ಏನು ಹೇಳಲಿ.

ಈಗ ಸರ್ವಿಸ್ ಸೆಂಟರಿನಲ್ಲಿ ನನ್ನ ನಂಬರ್ ಇದೆ. ಮೊನ್ನೆ ಮದುವೆ ಊಟಕ್ಕೆ ಕೂತಿದ್ದಾಗ ಕರೆ ಬಂತು. ಎಲೆ ಬಿಟ್ಟು ಎದ್ದು, ಹೊರಗೆ ಹೋಗಿ ಪೂರ್ತಿ ಕೇಳಿಸಿಕೊಂಡೆ. ಟೆಫ್ಲಾನ್ ಕೋಟಿಂಗ್ ಮೇಲೆ ಡಿಸ್ಕೌಂಟ್ ಇದೆಯಂತೆ.